ಹೊಳೆಗೆ ಹೊರೆಯಾಗದ ರಾಫ್ಟಿಂಗ್

ಪ್ರಶ್ನೆ: ನಮ್ಮ ಕಾಲೇಜಿನ 30 ಮಂದಿ ಡಿಸೆಂಬರ್‌ನಲ್ಲಿ ದಾಂಡೇಲಿಗೆ ರಾಫ್ಟಿಂಗ್‌ಗೆ ಹೊರಟಿದ್ದೇವೆ. ಕಾರುಗಳಲ್ಲೇ ಹೋಗೋಣ ಎಂಬುದು ವಿದ್ಯಾರ್ಥಿಗಳ ಆಸೆ. ಪರಿಸರಕ್ಕೆ ತೊಂದರೆಯಾಗಬಾರದು ಎಂಬುದು ನನ್ನ ಕಾಳಜಿ. ಪ್ಲಾಸ್ಟಿಕ್ ತರಬೇಡಿ ಎಂದು ಹೇಳಿದರೆ ಸಾಕೆ?
– ಉಪನ್ಯಾಸಕಿ, ತುಮಕೂರು

ಉತ್ತರ: ಸಾಲದು ಮೇಡಂ. ರಾಫ್ಟ್‌ಗೆ ಎಂಜಿನ್ ಇಲ್ಲ, ಹೊಗೆ ಇಲ್ಲ. ನೀರಿನ ಸೆಳೆತ, ಹುಟ್ಟು ಹಾಕುವ ತೋಳು ಎರಡೇ ಅದನ್ನು ನಡೆಸುವುದು. ಇಡೀ ಪ್ರವಾಸದಲ್ಲಿ ಪರಿಸರಕ್ಕೆ ಅತಿ ಕಡಿಮೆ ಪೆಟ್ಟು ಬೀಳುವುದು ಹೊಳೆಯ ಮೇಲಿದ್ದಾಗಲೇ. ಹಾನಿ ಇರುವುದು ಅದರ ಹಿಂದೆ ಮುಂದೆ: ಹೋಗುವ ದಾರಿಯಲ್ಲಿ, ತಂಗುವ ಜಾಗದಲ್ಲಿ, ರಾತ್ರಿಯ ಗದ್ದಲದಲ್ಲಿ.

ಮೊದಲು ದಾರಿಯ ಲೆಕ್ಕ. ತುಮಕೂರಿನಿಂದ ದಾಂಡೇಲಿಗೆ ಹೋಗಿಬರಲು ಸುಮಾರು 800 ಕಿಲೋಮೀಟರ್. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 53 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆರು ಕಾರು ಹೊರಟರೆ 700 ಕೆ.ಜಿ. ದಾಟಿತು. ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಒಂದೇ ಡೀಸೆಲ್ ಬಸ್ಸಿನಲ್ಲಿ ಎಲ್ಲರೂ ಹೋದರೆ 540 ಕೆ.ಜಿ. ಆಸುಪಾಸು. ಇವೆರಡಕ್ಕಿಂತ ಒಳ್ಳೆಯದು ರೈಲು. ಹುಬ್ಬಳ್ಳಿ ಮಾರ್ಗದ ರೈಲುಗಳು ತುಮಕೂರಿನ ಮೇಲೇ ಹೋಗುತ್ತವೆ. ನೀವು ಹತ್ತಿದರೂ ಬಿಟ್ಟರೂ ಅವು ಓಡುವಂಥವು. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇಳಿದು ವಾಯವ್ಯ ಸಾರಿಗೆ ಬಸ್ ಹಿಡಿಯಿರಿ. ಧಾರವಾಡದಿಂದ ದಾಂಡೇಲಿ 60 ಕಿ.ಮೀ. ಒಳಗೇ ಇದೆ. ರಾತ್ರಿ ರೈಲಿನಲ್ಲಿ ಹರಟುತ್ತಾ ಹೋಗುವುದು ಹುಡುಗರಿಗೆ ಆರು ಕಾರುಗಳಲ್ಲಿ ಹಂಚಿಹೋಗುವುದಕ್ಕಿಂತ ಹಿತವಾಗಿರುತ್ತದೆಂದು ನನ್ನ ನಂಬಿಕೆ. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಚಪಾತಿ, ಕಡಲೆಕಾಯಿ ಚಟ್ನಿಪುಡಿ ಮರುದಿನಕ್ಕೂ ಕೆಡುವುದಿಲ್ಲ.

ಇನ್ನು ತಂಗುವ ಜಾಗ. ಮುಂಗಡ ಕಳಿಸುವ ಮೊದಲು ರೆಸಾರ್ಟಿಗೆ ಫೋನ್ ಮಾಡಿ ಕೇಳಿ: ಬಚ್ಚಲು, ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಅಡುಗೆಮನೆಯ ಕಸ ಏನಾಗುತ್ತದೆ? ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಹೊಳೆಯಿಂದ ಎಷ್ಟು ದೂರ? ಸರಿಯಾಗಿ ನಡೆಸುವವರು ತಡವರಿಸದೆ ಹೇಳುತ್ತಾರೆ. ‘ಅದೆಲ್ಲ ನಿಮಗೇಕೆ’ ಎಂದವರ ಹತ್ತಿರ ಹೋಗಬೇಡಿ. ಜೋಯಿಡಾ ತಾಲ್ಲೂಕಿನಲ್ಲಿ ಊರಿನವರೇ ನಡೆಸುವ ಹೋಮ್‌ಸ್ಟೇಗಳಿವೆ. ಅಲ್ಲಿನ ಕುಣಬಿ ಜನರ ಗಡ್ಡೆ-ಗೆಣಸು ಹೆಸರುವಾಸಿ. ಅದಕ್ಕೆಂದೇ ಜೋಯಿಡಾದಲ್ಲಿ ಮೇಳವೂ ನಡೆಯುತ್ತದೆ. ಅಂಥ ಮನೆಯಲ್ಲಿ ಉಂಡರೆ ದೂರದಿಂದ ಲಾರಿಯಲ್ಲಿ ಬಂದ ತರಕಾರಿ ಬೇಕಾಗುವುದಿಲ್ಲ, ದುಡ್ಡೂ ಕಾಡಿನ ಜೊತೆ ಬದುಕುವವರ ಕೈ ಸೇರುತ್ತದೆ.

ಗದ್ದಲದ ಮಾತನ್ನು ವಿದ್ಯಾರ್ಥಿಗಳಿಗೆ ನೀವೇ ಖಚಿತವಾಗಿ ಹೇಳಬೇಕು. ನೀವು ಹೋಗುತ್ತಿರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಿಗೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿ 2007ರಲ್ಲಿ ಘೋಷಿಸಿದ ಪ್ರದೇಶಕ್ಕೆ 2015ರಲ್ಲಿ ಹೊಳೆಯ ಹೆಸರನ್ನೇ ಇಟ್ಟರು. ಅದು ಮಂಗಟ್ಟೆ ಹಕ್ಕಿಗಳ ನಾಡು. ಡಿಸೆಂಬರ್ ಕಳೆದರೆ ಅವುಗಳ ಗೂಡಿನ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳೊಂದನ್ನು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಅಂಥ ಮರದ ಬಳಿ ಡಿಜೆ ಹಾಕಿ, ಪಟಾಕಿ ಹೊಡೆದು ಹೊಸವರ್ಷ ಮಾಡುವುದು ನನಗೆ ಅತ್ಯಂತ ನೋವಿನ ಸಂಗತಿ. ಡಿಸೆಂಬರ್ ಕೊನೆಯ ವಾರ ಬಿಟ್ಟು ಮೊದಲ ವಾರವೇ ಹೋಗಿಬನ್ನಿ. ಜನಜಂಗುಳಿ ಕಡಿಮೆ, ದರವೂ ಇಳಿದಿರುತ್ತದೆ.

ಪ್ರಶ್ನೆ: ಕಾಳಿಯಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ರಾಫ್ಟಿಂಗ್ ಅಂತೆ. ಇಲ್ಲಿ ನಾವು ಹೇಮಾವತಿ ನೀರಿಗಾಗಿ ವರ್ಷವಿಡೀ ಬಡಿದಾಡುತ್ತೇವೆ. ಆಟಕ್ಕೆ ನೀರು ಹರಿಸುವುದು ನ್ಯಾಯವೆ? ಕೊಡಗಿನ ಬರಪೊಳೆಗೆ ಹೋಗುವುದು ಮೇಲಲ್ಲವೆ?
– ತೆಂಗು ಬೆಳೆಗಾರ, ಗುಬ್ಬಿ

ಉತ್ತರ: ನಾಲೆಯ ನೀರಿಗೆ ಕಾದು ಕೂತವರು ಕೇಳಬೇಕಾದ ಪ್ರಶ್ನೆಯೇ ಇದು. ಆದರೆ ಅಲ್ಲಿ ನೀರು ಬಿಡುವುದು ಆಟಕ್ಕಲ್ಲ. ಗಣೇಶಗುಡಿಯ ಸೂಪಾ ಅಣೆಕಟ್ಟಿನ ಬುಡದಲ್ಲೇ ವಿದ್ಯುದಾಗಾರವಿದೆ. ಟರ್ಬೈನ್ ತಿರುಗಿಸಿದ ನೀರು ಕೆಳಗೆ ಹರಿಯುತ್ತದೆ, ರಾಫ್ಟ್ ಅದರ ಮೇಲೆ ತೇಲುತ್ತದೆ. ಒಂದು ಹನಿಯೂ ಇದಕ್ಕಾಗಿ ಖರ್ಚಾಗುವುದಿಲ್ಲ. ಬೇಸಿಗೆಯಲ್ಲೂ ಅಲ್ಲಿ ರಾಫ್ಟಿಂಗ್ ಸಾಧ್ಯವಾಗುವುದು ಹೀಗೆ.

ಹಾಗೆಂದು ಅದು ಮುಗ್ಧ ನೀರೂ ಅಲ್ಲ. ಡಿಗ್ಗಿಯಲ್ಲಿ ಹುಟ್ಟಿ ಕಾರವಾರದ ಬಳಿ ಕಡಲು ಸೇರುವ 184 ಕಿ.ಮೀ. ಹೊಳೆಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಕಟ್ಟೆಗಳು. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಅಲ್ಲಿಂದ ಎದ್ದವರು ಜೋಯಿಡಾ ತಾಲ್ಲೂಕಿನ ರಾಮನಗರದಂಥ ಪುನರ್ವಸತಿ ಊರುಗಳಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. ಇವತ್ತಿಗೂ ಹೊಳೆ ಏರುವುದು ಇಳಿಯುವುದು ಮಳೆಯ ಮಾತು ಕೇಳಿ ಅಲ್ಲ, ಕರೆಂಟಿನ ಬೇಡಿಕೆ ನೋಡಿ. ದಡದ ಮರಳಿನಲ್ಲಿ ಮೊಟ್ಟೆಯಿಡುವ ಜೀವಕ್ಕೆ ಇದರಿಂದ ಕಷ್ಟ. ಆದ್ದರಿಂದ ನಡುಗಡ್ಡೆ, ಮರಳುದಿಬ್ಬಗಳ ಮೇಲೆ ರಾಫ್ಟ್ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಗೋಜು ಬೇಡ. ಗೈಡ್ ತೋರಿಸಿದ ಜಾಗದಲ್ಲಷ್ಟೇ ಇಳಿಯಿರಿ.

ಬರಪೊಳೆ ಬೇರೆಯೇ ಬಗೆ. ದಕ್ಷಿಣ ಕೊಡಗಿನಲ್ಲಿ, ಬ್ರಹ್ಮಗಿರಿ ಅಭಯಾರಣ್ಯದ ಅಂಚಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಸುರಿದಷ್ಟು ಕಾಲ ಮಾತ್ರ ಅದು ರಾಫ್ಟ್ ಹೊರುತ್ತದೆ. ಮಳೆಯ ತಾಳಕ್ಕೆ ನಡೆಯುವ ಹೊಳೆಯಾದ್ದರಿಂದ ನನ್ನ ಮನಸ್ಸು ಅದರ ಕಡೆಗೇ ವಾಲುತ್ತದೆ, ನಿಮ್ಮೂರಿಗೆ ದಾಂಡೇಲಿಗಿಂತ ಹತ್ತಿರವೂ ಹೌದು. ಆದರೆ ಅದೇ ತಿಂಗಳುಗಳಲ್ಲಿ ಕೊಡಗಿನ ಗುಡ್ಡಗಳು ನೆನೆದು ಸಡಿಲವಾಗಿರುತ್ತವೆ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಆ ಜಿಲ್ಲೆ ಮರೆತಿಲ್ಲ. ಜಿಲ್ಲಾಡಳಿತ ಬೇಡವೆಂದ ದಿನ ಮರುಮಾತಿಲ್ಲದೆ ವಾಪಸಾಗುವ ಮನಸ್ಸಿದ್ದವರು ಮಾತ್ರ ಹೋಗಬೇಕು. ಕಾಸು ಕೊಟ್ಟಿದ್ದೇವೆ ಎಂದು ಗೈಡ್‌ಗಳನ್ನು ಒತ್ತಾಯಿಸಬೇಡಿ.

ಪ್ರಶ್ನೆ: ಸನ್‌ಸ್ಕ್ರೀನ್ ಹಚ್ಚಬಹುದೆ? ರಾಫ್ಟಿಂಗ್ ಆದಮೇಲೆ ಹೊಳೆಯಲ್ಲೇ ಸೋಪು ಹಾಕಿ ಸ್ನಾನ ಮಾಡಬಹುದೆ? ಇನ್ನೊಂದು ಕೇಳಲು ಸಂಕೋಚ, ದಡದಲ್ಲಿ ಶೌಚಕ್ಕೆ ಹೋಗಬೇಕಾಗಿ ಬಂದರೆ?
– ವಿದ್ಯಾರ್ಥಿನಿ, ಕುಣಿಗಲ್

ಉತ್ತರ: ಸಂಕೋಚ ಬೇಡ ತಂಗಿ, ಎಲ್ಲಕ್ಕಿಂತ ಮುಖ್ಯವಾದ್ದನ್ನೇ ಕೇಳಿದ್ದೀಯ. ಹೊರಡುವ ಮೊದಲು ತಂಗಿದ ಜಾಗದಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಆಗದಿದ್ದರೆ ನೀರಿನಿಂದ ಕನಿಷ್ಠ 60 ಮೀಟರ್ ದೂರ, ಗೇಣುದ್ದದ ಗುಂಡಿ, ಮೇಲೆ ಮಣ್ಣು. ಪ್ಯಾಡ್, ಟಿಶ್ಯೂಗಳನ್ನು ಹೂಳಬಾರದು, ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಕೊಲೊರಾಡೊ ನದಿಯ ಮೇಲೆ ದಿನಗಟ್ಟಲೆ ರಾಫ್ಟಿಂಗ್ ಮಾಡುವವರು ತಮ್ಮ ಮಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ಹೊರಗೆ ಒಯ್ಯಲೇಬೇಕು, ಅಲ್ಲಿನ ನಿಯಮವೇ ಹಾಗೆ.

ಸೋಪು, ಶಾಂಪು ಹೊಳೆಗೆ ಖಂಡಿತ ಬೇಡ. ‘ಗಿಡಮೂಲಿಕೆಯದು’ ಎಂದು ಬರೆದಿದ್ದರೂ ನೊರೆ ನೊರೆಯೇ. ಬಿಸಿಲಿಗೆ ತುಂಬುತೋಳಿನ ಬೇಗ ಒಣಗುವ ಬಟ್ಟೆ ಹಾಕಿಕೋ. ಕ್ರೀಮು ಮುಖಕ್ಕೆ ಮಾತ್ರ ಸಾಕಾಗುತ್ತದೆ, ಅದನ್ನೂ ಚರ್ಮ ಹೀರುವಷ್ಟು ಮೊದಲೇ ಹಚ್ಚಿಕೋ. ರ‍್ಯಾಪಿಡ್‌ಗಳಲ್ಲಿ ಹೊಳೆಯ ಪಾಲಾಗುವ ಕಸವೆಂದರೆ ಹವಾಯಿ ಚಪ್ಪಲಿ, ಕೂಲಿಂಗ್ ಗ್ಲಾಸ್, ಮೊಬೈಲಿನ ಪ್ಲಾಸ್ಟಿಕ್ ಚೀಲ. ಪಟ್ಟಿ ಬಿಗಿಯುವ ಸ್ಯಾಂಡಲ್ ಹಾಕು, ಮಿಕ್ಕಿದ್ದನ್ನು ರೂಮಿನಲ್ಲೇ ಬಿಡು. ಉಳಿದ ಊಟವನ್ನು ನೀರಿಗೆ ಎಸೆಯಬಾರದು. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ, ಮನುಷ್ಯರ ಬಳಿ ತಿನಿಸು ಸಿಗುತ್ತದೆಂದು ಅವು ಕಲಿಯುವುದು ಯಾರಿಗೂ ಕ್ಷೇಮವಲ್ಲ.

ಪ್ರಶ್ನೆ: ನಮ್ಮದೊಂದು ಗಾಳಿ ತುಂಬುವ ಕಯಾಕ್ ಇದೆ, ಕೆರೆಯಲ್ಲಿ ಬಳಸುತ್ತೇವೆ. ಹೊಳೆಗೂ ಒಯ್ಯಬಹುದೆ?
– ಗುಬ್ಬಿ

ಉತ್ತರ: ಕೆರೆಯ ಕಳೆಯನ್ನು ಜೊತೆಗೆ ಒಯ್ಯದಿದ್ದರೆ ಆಯಿತು. ನಮ್ಮ ಕೆರೆಗಳನ್ನು ಮುಚ್ಚುತ್ತಿರುವ ನೀಲಿ ಹೂವಿನ ಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ಗಿಡದ ಸಣ್ಣ ತುಣುಕಿನಿಂದಲೂ ಹಬ್ಬುತ್ತದೆ. ಕಯಾಕ್, ಹುಟ್ಟು, ಚಪ್ಪಲಿಯ ಅಡಿ ಎಲ್ಲವನ್ನೂ ಮನೆಯಲ್ಲೇ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ ಒಯ್ಯಿರಿ. ರಭಸದ ಹೊಳೆಗೆ ಕೆರೆಯ ಕಯಾಕ್ ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ದೂರ ಹೋದಷ್ಟೂ ಹೊಗೆ ಹೆಚ್ಚು ಅನ್ನುತ್ತೀರಿ. ಹಾಗಾದರೆ ಮಾರ್ಕೋನಹಳ್ಳಿಯಲ್ಲಿ ನೀರು ಹೊರಬೀಳುವಾಗ ಲಾರಿ ಟ್ಯೂಬ್ ಹಾಕಿಕೊಂಡು ಶಿಂಷಾದಲ್ಲಿ ತೇಲಿದರೆ ಆಗದೆ? ಹೇಮಾವತಿ ನಾಲೆಯೂ ಪಕ್ಕದಲ್ಲೇ ಇದೆ.
– ಗೆಳೆಯರ ಬಳಗ, ಕುಣಿಗಲ್ ತಾಲ್ಲೂಕು

ಉತ್ತರ: ಆಗದು. ಮಾರ್ಕೋನಹಳ್ಳಿಯಲ್ಲಿರುವುದು ತಾನಾಗಿ ತೆರೆದುಕೊಳ್ಳುವ ಸೈಫನ್. ನೀರು ಮಟ್ಟ ಮುಟ್ಟಿದ ಕೂಡಲೇ ಯಾರೂ ಗೇಟು ಎತ್ತದೆ ರಭಸದಿಂದ ಹೊರನುಗ್ಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು ಕೊಚ್ಚಿಹೋದ ದುಃಖ ನಮ್ಮ ಜಿಲ್ಲೆಯಲ್ಲಿ ಇನ್ನೂ ಹಸಿಯಾಗಿದೆ. ನಾಲೆ ಇನ್ನೂ ಮೋಸದ್ದು. ಜಾರುವ ಇಳಿಜಾರು ಗೋಡೆಯಲ್ಲಿ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ.

ಹತ್ತಿರದಲ್ಲೇ ಏನಾದರೂ ಮಾಡಬೇಕೆಂಬ ನಿಮ್ಮ ಆಸೆ ಮಾತ್ರ ಸರಿಯಾದದ್ದು. ಈ ವರ್ಷ ಈಜುಕೊಳದಲ್ಲಿ ಸರಿಯಾಗಿ ಈಜು ಕಲಿಯಿರಿ. ಶಿಂಷಾ ಹುಟ್ಟುವ ದೇವರಾಯನದುರ್ಗದ ಬೆಟ್ಟದಿಂದ ಗುಬ್ಬಿ ತಾಲ್ಲೂಕಿನ ಕಡಬದ ಕೆರೆವರೆಗೆ ಸೈಕಲ್ಲಿನಲ್ಲಿ ಹೊಳೆಯ ಜಾಡು ಹಿಡಿದು ಹೋಗಿ, ಎಲ್ಲೆಲ್ಲಿ ಚರಂಡಿ ಸೇರುತ್ತದೆ, ಎಲ್ಲೆಲ್ಲಿ ಕಸ ಸುರಿದಿದ್ದಾರೆ ಎಂದು ಬರೆದುಕೊಂಡು ಆಯಾ ಗ್ರಾಮ ಪಂಚಾಯಿತಿಗೆ ಕೊಡಿ. ಬರುವ ಜೂನ್‌ಗೆ ಬರಪೊಳೆಗೆ ಹೋಗುವುದಾದರೆ ಬಳಗದವರೆಲ್ಲ ಒಂದೇ ವ್ಯಾನಿನಲ್ಲಿ ಹೋಗಿ, ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಕೊಡುವ, ಒಂದು ರಾಫ್ಟಿಗೆ ಮಿತಿ ಮೀರಿ ಜನ ತುಂಬದ ಕಡೆ ಮಾತ್ರ ಹೆಸರು ಬರೆಸಿ.