ಯಾರನ್ನು ನಂಬಿ ಎರಡು ರೂಪಾಯಿ?

ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (1976) ಚಿತ್ರಕ್ಕೆ ಬಂಡವಾಳ ಹಾಕಿದವರು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು. ತಲಾ 2 ರೂಪಾಯಿ. ಅವರಲ್ಲಿ ಬಹುಪಾಲು ಜನ ನಿರ್ದೇಶಕರ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೆ ತಮ್ಮೂರಿನ ಡೇರಿ ಅವರಿಗೆ ಗೊತ್ತಿತ್ತು. ದಿನಾ ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ದುಡ್ಡು ಕೊಡುತ್ತಿದ್ದ ಡೇರಿ. ಅದರ ಮೇಲಿನ ಭರವಸೆಯಿಂದಲೇ ಆ ಎರಡು ರೂಪಾಯಿ ಬಂದದ್ದು ಎಂಬುದು ನನ್ನ ಬಲವಾದ ನಂಬಿಕೆ.

ವಾಟ್ಸ್ಆ್ಯಪ್‌ನಲ್ಲಿ ಕ್ರೌಡ್‌ಫಂಡಿಂಗ್ ಮನವಿ ಬಂದಾಗಲೆಲ್ಲ ನಾನು ಹುಡುಕುವುದು ಅಂಥದ್ದೊಂದು ಡೇರಿಯನ್ನೇ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳ ರೀತಿ ಬೇರೆ. ಮುಖವನ್ನೇ ಕಾಣದವರ ಬೋರ್ಡ್ ಗೇಮ್‌ಗಳಿಗೆ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕಟ್ಟುತ್ತಾಳೆ; ಅದು ಹೊಸ ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಜಾಲತಾಣ. ‘ಯಾರಮ್ಮಾ ಇವರು?’ ಎಂದು ಕೇಳಿದರೆ, ‘ಯಾರಾದರೇನು ಮಾವ, ಇಲ್ಲಿ ನೋಡಿ’ ಎಂದು ಮಾದರಿಯ ವಿಡಿಯೊ, ಖರ್ಚಿನ ವಿವರ, ಪೆಟ್ಟಿಗೆ ಮನೆಗೆ ತಲುಪುವ ತಿಂಗಳು ಎಲ್ಲ ತೋರಿಸಿದಳು. ಗುರಿಯಿಟ್ಟ ಮೊತ್ತ ಪೂರ್ತಿ ಕೂಡದಿದ್ದರೆ ಯಾರ ಕಾರ್ಡಿನಿಂದಲೂ ಹಣ ಕಡಿತವಾಗುವುದಿಲ್ಲ. ಯಂತ್ರ ಸಾಧನಗಳನ್ನು ಕಂಪ್ಯೂಟರಿನಲ್ಲಿ ಬರೆದು ನಿಜವಾದ ಫೋಟೊದಂತೆ ತೋರಿಸುವುದಕ್ಕೆ 2012ರಿಂದ ಅಲ್ಲಿ ನಿಷೇಧವಿದೆ. ಅಪರಿಚಿತನನ್ನು ನಿಯಮದ ಆಸರೆಯಲ್ಲಿ ನಂಬುವ ಸಮಾಜ ಅದು. ಆ ನಿಯಮಗಳೂ ಎಲ್ಲವನ್ನೂ ಕಾಯಲಾರವು: 2014ರಲ್ಲಿ 1.3 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿದ ‘ಕೂಲೆಸ್ಟ್ ಕೂಲರ್’ ಎಂಬ ತಂಪು ಪೆಟ್ಟಿಗೆಯ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಜನರಿಗೆ ಪೆಟ್ಟಿಗೆ ತಲುಪಿರಲೇ ಇಲ್ಲ.

ನಮ್ಮಲ್ಲಿ ಕೇಳುವವರಾಗಲಿ, ನಡುವಿನವರಾಗಲಿ, ಒಬ್ಬರು ಪರಿಚಿತರು ಬೇಕು. ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕಾಗಿ ಪ್ರೇಕ್ಷಕರನ್ನೇ ಹಣ ಕೇಳಿದಾಗ ಸುಮಾರು 110 ಮಂದಿ ಸೇರಿ 50 ಲಕ್ಷದಷ್ಟು ಹಾಕಿದರು. ಅವರ ‘ಲೈಫು ಇಷ್ಟೇನೆ’ ಆಗಷ್ಟೇ ತೆರೆ ಕಂಡಿತ್ತು. ಕೇಳುತ್ತಿರುವವರು ಎಂಥ ಕೆಲಸಗಾರರೆಂದು ಕನ್ನಡಿಗರಿಗೆ ತಿಳಿದಿತ್ತು.

ಚಿಕಿತ್ಸೆಯ ಮನವಿಗಳಲ್ಲಿ ಈ ಪರಿಚಯ ಇನ್ನೂ ಮುಖ್ಯ. ಮನವಿ ಕಳಿಸಿದವರಿಗೆ ನಾನು ಫೋನ್ ಮಾಡುತ್ತೇನೆ: ‘ಈ ಮನೆಯವರು ನಿಮಗೆ ಗೊತ್ತಾ?’ ಹೆಚ್ಚಿನ ಸಲ ಬರುವ ಉತ್ತರ, ‘ಇಲ್ಲ ಸಾರ್, ನನಗೂ ಬಂತು, ಕಳಿಸಿದೆ.’ ಅಲ್ಲಿಗೆ ಬಿಡುತ್ತೇನೆ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಬಿಡುತ್ತೇನೆ. ‘ನಮ್ಮ ಬೀದಿಯವರೇ, ನಿನ್ನೆ ವಾರ್ಡಿಗೆ ಹೋಗಿ ನೋಡಿ ಬಂದೆ’ ಎಂದರೆ ಅಂದಾಜುಪಟ್ಟಿ ನೋಡಿ, ಸಾಧ್ಯವಾದರೆ ಆಸ್ಪತ್ರೆಯ ಖಾತೆಗೇ ಹಣ ಹಾಕುತ್ತೇನೆ.

ಹಾಗೆ ನೆರವು ಪಡೆದ ಒಂದು ಮನೆಯವರು ಮಗು ಗುಣವಾದ ಮೇಲೆ ಪೂರ್ತಿ ಬಿಲ್ಲನ್ನು ಎಲ್ಲರಿಗೂ ಕಳಿಸಿದರು. ಉಳಿದ ಹಣವನ್ನು ಪಕ್ಕದ ಹಾಸಿಗೆಯ ಮಗುವಿನ ಖಾತೆಗೆ ಕಟ್ಟಿ, ಆ ರಸೀದಿಯನ್ನೂ ಜೊತೆಗಿಟ್ಟಿದ್ದರು. ಮುಂದೆ ಅದೇ ತಾಯಿ ಬೇರೆ ಯಾರಿಗೋ ಸಹಾಯ ಕೇಳಿದಾಗ ನಾನು ಯಾರಿಗೂ ಫೋನ್ ಮಾಡಲಿಲ್ಲ.