ಸಂಗೀತ ಪ್ರಶ್ನೋತ್ತರ: ಎಡಗೈ ಗಟ್ಟಿಯಿರಲಿ

ಪ್ರಶ್ನೆ: ಮಗಳು ಪಿಯಾನೊ ಕಲಿಯುತ್ತಿದ್ದಾಳೆ. 'ಲಾ ಫೋಲಿಯಾ' ಅನ್ನುವ ಹಳೇ ಕುಣಿತದ ಧಾಟಿ ಹಿಡಿದು ತಾನೇ ಹೊಸ ವೇರಿಯೇಷನ್ ಬರೆಯಲು ಕೂತಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಒಂದೇ ಥರ ಕೇಳಿಸುತ್ತಿದೆ ಎಂದು ಹಾಳೆ ಹರಿದು ಹಾಕಿದಳು. ನನಗೆ ಕಾಫಿ ಗೊತ್ತು, ಇದು ಗೊತ್ತಿಲ್ಲ.
– ಓದುಗರು, ಹಾನುಬಾಳು

ಉತ್ತರ: ಹರಿದದ್ದು ಒಳ್ಳೆಯದಾಯಿತು. ಬಹುಶಃ ಬಲಗೈಯ ರಾಗಕ್ಕೇ ಗೆಜ್ಜೆ ಕಟ್ಟುತ್ತಾ ಹೋಗಿದ್ದಾಳೆ. ಫೋಲಿಯಾದ ಜೀವ ಇರುವುದು ಎಡಗೈಯಲ್ಲಿ. ಡಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಮಂದ್ರದ ನಡೆ ಹೀಗೆ: ಸ ಪ ಸ ನಿ, ಗ ನಿ ಸ ಪ. ಎರಡನೇ ಸುತ್ತಿನಲ್ಲಿ ಕೊನೆಗೆ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಒಟ್ಟು 16 ಆವರ್ತ, ಒಂದೊಂದಕ್ಕೆ ಮೂರು ಎಣಿಕೆ, ಒತ್ತು ಎರಡನೆಯದಕ್ಕೆ. ನಮ್ಮ ಕಿವಿಗೆ ನಠಭೈರವಿಯಂತೆ ಕೇಳುತ್ತದೆ, ಆದರೆ ಪಂಚಮದ ಮೇಲಿನ ಕಾರ್ಡ್ ಬಂದಾಗ ಕೈಶಿಕಿ ನಿಷಾದ ಹೋಗಿ ಕಾಕಲಿ ಬರುತ್ತದೆ. ಆ ಒಂದು ಸ್ವರದ ಅದಲುಬದಲಿನಲ್ಲೇ ಅದರ ರುಚಿಯೆಲ್ಲ.

ಒಂದು ವಾರ ಬಲಗೈ ಮುಟ್ಟದೆ ಇಷ್ಟನ್ನೇ ನುಡಿಸಲಿ. ಆಮೇಲೆ ಒಂದು ವೇರಿಯೇಷನ್‌ಗೆ ಒಂದೇ ಕಟ್ಟಳೆ: ಒಂದರಲ್ಲಿ ಮೊದಲ ಎಣಿಕೆಗೆ ಬಲಗೈ ಮೌನ, ಇನ್ನೊಂದರಲ್ಲಿ ರಾಗ ಎಡಗೈಗೆ, ಮತ್ತೊಂದರಲ್ಲಿ ಕಾರ್ಡನ್ನು ಬಿಡಿಸಿ ಹನಿಹನಿಯಾಗಿ. ನೆರವಲ್‌ನಲ್ಲಿ ಸಾಹಿತ್ಯದ ಜಾಗ ತಪ್ಪಿಸುವುದಿಲ್ಲವಲ್ಲ, ಹಾಗೆ.

ಎಷ್ಟು ಬರೆಯಬೇಕು ಎಂದೂ ಕೇಳಬಹುದು. ಕೊರೆಲ್ಲಿ 1700ರಲ್ಲಿ ಪಿಟೀಲಿಗೆ ಬಳಸಿದ ಇದೇ ಧಾಟಿಗೆ ರಹ್ಮಾನಿನೋವ್ 1931ರಲ್ಲಿ ಪಿಯಾನೊಗಾಗಿ 20 ವೇರಿಯೇಷನ್ ಬರೆದರು. ಸಭೆಯಲ್ಲಿ ಕೆಮ್ಮು ಜಾಸ್ತಿಯಾದರೆ ಮುಂದಿನದನ್ನು ಬಿಟ್ಟುಬಿಡುತ್ತೇನೆ ಎಂದು ಗೆಳೆಯ ಮೆಟ್ನರ್‌ಗೆ ಕಾಗದ ಬರೆದಿದ್ದರು. ಈ ಮೆಟ್ನರ್ ನಮಗೆ ದೂರದವರಲ್ಲ. ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಮೂರನೇ ಪಿಯಾನೊ ಕಾನ್ಚರ್ಟೊ ಒಡೆಯರಿಗೇ ಅರ್ಪಿತ. ನಿಮ್ಮ ಮಗಳಿಗೆ ಆರು ಸಾಕು, ಕೆಮ್ಮುವವರು ನೀವೇ ಇದ್ದೀರಲ್ಲ.

ಪ್ರಶ್ನೆ: ಭಜನೆಗೆ ಹಾರ್ಮೋನಿಯಂ ಹಿಡಿಯುತ್ತೇನೆ. ಬೇರೆಯವರ ಧಾಟಿ ತಗೊಂಡು ನಮ್ಮದು ಅನ್ನುವುದು ಕಳ್ಳತನ ಅಲ್ಲವೇ? ಊರ ಸುಗ್ಗಿ ಕುಣಿತದ ಬಡಿತವನ್ನು ಫೋಲಿಯಾದಂಥ ಧಾಟಿಗೆ ಸೇರಿಸಬಹುದೇ?
– ಓದುಗರು, ಆಲೂರು

ಉತ್ತರ: ಧಾಟಿ ಎಲ್ಲಿಂದ ಬಂತು ಎಂದು ಹೇಳಿಬಿಟ್ಟರೆ ಕಳ್ಳತನವಲ್ಲ. ಫೋಲಿಯಾ ಕೊರೆಲ್ಲಿಯದೂ ಅಲ್ಲ, ಅವರಿಗಿಂತ ಬಹಳ ಹಿಂದಿನ ಐಬೀರಿಯದ ಕುಣಿತ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಗೆ 'ಸಂತತಂ ಪಾಹಿಮಾಂ' ಕಟ್ಟಿದರು, ಶಂಕರಾಭರಣದ ಸ್ವರಗಳಲ್ಲಿ. ಆ ಧಾಟಿಯ ನಡೆಯೂ ಗ್ಯಾಲಿಯಾರ್ಡ್ ಎಂಬ ಹಳೇ ಕುಣಿತದ್ದೇ. ಅದೇ ಧಾಟಿಯ ಮೇಲೆ ಬೀಥೋವನ್ ಏಳು ಪಿಯಾನೊ ವೇರಿಯೇಷನ್ ಬರೆದರು. ಇಬ್ಬರನ್ನೂ ಯಾರೂ ಕಳ್ಳರು ಅನ್ನಲಿಲ್ಲ.

ಸುಗ್ಗಿ ಬಡಿತ ಖಂಡಿತ ಸೇರಿಸಿ. ಆದರೆ ಮೊದಲು ಮೊಬೈಲಿನಲ್ಲಿ ಹಿಡಿದು ತಂದು ಎಣಿಸಿ. ನಾಲ್ಕಕ್ಕೆ ಬೀಳುವ ಬಡಿತವನ್ನು ಮೂರರ ಅಂಗಿಗೆ ತುರುಕಬೇಡಿ, ಹೊಲಿಗೆ ಬಿಡುತ್ತದೆ. ಎಣಿಕೆಯನ್ನೇ ನಾಲ್ಕು ಮಾಡಿ, ಮಂದ್ರದ ಕ್ರಮ ಮಾತ್ರ ಬದಲಿಸದಿರಿ. ಕೇಳುವವರು ಕೂತಲ್ಲೇ ಕಾಲು ಕುಣಿಸಿದರೆ ಸರಿಯಾಗಿದೆ ಎಂದೇ ಅರ್ಥ.

ಪ್ರಶ್ನೆ: ಮಳೆಗಾಲ ಶುರುವಾದರೆ ಕೀಬೋರ್ಡಿನ ನಾಲ್ಕೈದು ಕೀಲಿ ಸುಮ್ಮನಾಗುತ್ತವೆ. ಕೊಬ್ಬರಿ ಎಣ್ಣೆ ಬಿಡಬಹುದೇ?
– ಓದುಗರು, ಹೆತ್ತೂರು

ಉತ್ತರ: ಎಣ್ಣೆ ಬೇಡವೇ ಬೇಡ. ಕೀಲಿಯ ಅಡಿಯ ರಬ್ಬರಿಗೆ ತೇವ ಹಿಡಿದಿರುತ್ತದೆ, ಎಣ್ಣೆ ಬಿದ್ದರೆ ಧೂಳೂ ಸೇರಿ ಅಂಟಾಗುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಹೊದಿಕೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದನ್ನು ಆಗಾಗ ಬದಲಿಸಿ. ಕರೆಂಟ್ ಇದ್ದಾಗಲೆಲ್ಲ ಸ್ವಲ್ಪವಾದರೂ ನುಡಿಸಿ. ಆಗಲೂ ಸುಮ್ಮನಿದ್ದರೆ ರಿಪೇರಿಯವರ ಕೈಗೆ ಕೊಡಿ, ನೀವೇ ಬಿಚ್ಚಬೇಡಿ.