ಮುದ್ದೆ ಗಂಟಲಲ್ಲಿ ನಿಂತಾಗ: ಅನ್ನನಾಳ ಮತ್ತು ಜಠರದ ರೋಗಗಳಿಗೆ ಕಿರುರಂಧ್ರ ಶಸ್ತ್ರಚಿಕಿತ್ಸೆ

ಉಣ್ಣುವ ಅನ್ನವನ್ನು ಪ್ರಸಾದವೆಂದು ಭಾವಿಸುವುದು ನಮ್ಮ ಸಂಪ್ರದಾಯ. ಆ ಪ್ರಸಾದವೇ ಗಂಟಲಿನಿಂದ ಕೆಳಗಿಳಿಯದೆ ನಿಂತರೆ ಮನುಷ್ಯನ ಬಲ, ಕಾಯಕ, ಉತ್ಸಾಹ ಎಲ್ಲವೂ ಒಂದೊಂದಾಗಿ ಕುಂದುತ್ತವೆ. ಅನ್ನಮಾರ್ಗದ ಮೇಲ್ಭಾಗದ ಕೆಲವು ರೋಗಗಳನ್ನೂ, ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಅವುಗಳಿಗೆ ಮಾಡುವ ಶಸ್ತ್ರಚಿಕಿತ್ಸೆಯನ್ನೂ ಈ ಸಂಚಿಕೆಯಲ್ಲಿ ತಿಳಿಯೋಣ. ಆಯುರ್ವೇದ ವೈದ್ಯನಾದ ನಾನು ಶಸ್ತ್ರಚಿಕಿತ್ಸೆಯನ್ನು ಕುರಿತು ಏಕೆ ಬರೆಯುತ್ತಿದ್ದೇನೆಂಬುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ನಿವೇದಿಸುತ್ತೇನೆ.

ಹಲವು ವರ್ಷಗಳ ಹಿಂದೆ ಬುಕ್ಕಾಂಬುಧಿಯ ಕಡೆಯ ರೈತರೊಬ್ಬರು ನನ್ನಲ್ಲಿಗೆ ಬಂದರು. ವಯಸ್ಸು ಅರವತ್ತು ದಾಟಿತ್ತು. ಎದೆಯುರಿ, ಹುಳಿತೇಗು ಎಂದರು. ಅಮ್ಲಪಿತ್ತವೆಂದು ತಿಳಿದು ಅವಿಪತ್ತಿಕರ ಚೂರ್ಣ ಮೊದಲಾದ ಔಷಧಗಳನ್ನು ಕೊಟ್ಟೆ, ಉರಿ ಶಮನವಾಯಿತು. ಎರಡು ತಿಂಗಳ ಅನಂತರ ಅವರ ಸೊಸೆ ಮಾತಿನ ನಡುವೆ, "ಮಾವ ಈಗ ಮುದ್ದೆ ಉಣ್ಣೋದಿಲ್ಲ, ಅನ್ನ ಸಾರು ಸಾಕು ಅಂತಾರೆ" ಎಂದರು. ಮತ್ತೆ ಕೆಲವು ವಾರಗಳಲ್ಲಿ ಅನ್ನವೂ ಬೇಡವಾಗಿ ಗಂಜಿಗೆ ಇಳಿದಿದ್ದರು. ಆಗ ನಾನು ಎಚ್ಚೆತ್ತು ಎಂಡೋಸ್ಕೋಪಿಗೆ ಕಳುಹಿಸಿದೆ. ಅನ್ನನಾಳದ ಅರ್ಬುದ, ಎಂದರೆ ಕ್ಯಾನ್ಸರ್, ಶಸ್ತ್ರಕ್ರಿಯೆಯ ಹಂತವನ್ನು ದಾಟಿತ್ತು. ಆ ವಿಳಂಬದಲ್ಲಿ ನನ್ನ ಪಾಲೂ ಇದೆ. ಮುದ್ದೆಯನ್ನು ಬಿಟ್ಟದ್ದೇಕೆಂದು ನಾನು ಮೊದಲ ದಿನವೇ ಕೇಳಬೇಕಾಗಿತ್ತು.

ರಾಗಿಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆದುದರಿಂದ ಅನ್ನನಾಳ ಕಿರಿದಾಗತೊಡಗಿದರೆ ಅದನ್ನು ಮೊದಲು ತೋರಿಸಿಕೊಡುವುದು ಮುದ್ದೆಯೇ. ಆದರೆ ರೋಗಿಯು ತನಗರಿವಿಲ್ಲದೆ ಮೆತ್ತನೆಯ ಆಹಾರಕ್ಕೆ ಬದಲಾಗುತ್ತಾನೆ, ಮನೆಯವರು "ವಯಸ್ಸಾಯಿತು, ಊಟ ಕಡಿಮೆಯಾಗಿದೆ" ಎಂದು ಸುಮ್ಮನಾಗುತ್ತಾರೆ. ಘನಾಹಾರದಿಂದ ಮೆದು ಆಹಾರಕ್ಕೆ, ಅಲ್ಲಿಂದ ದ್ರವಕ್ಕೆ ಹೀಗೆ ಇಳಿಯುವುದು ವಯೋಧರ್ಮವಲ್ಲ, ರೋಗಲಕ್ಷಣ.

ಅನ್ನನಾಳದ ರಚನೆ

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುನಾಳ. ಅದು ಎದೆಗೂಡಿನ ಹಿಂಭಾಗದಲ್ಲಿ ಇಳಿದು, ವಪೆಯಲ್ಲಿರುವ ರಂಧ್ರವನ್ನು ಹಾದು ಜಠರವನ್ನು ಸೇರುತ್ತದೆ. ಕೂಡುವ ಸ್ಥಳದಲ್ಲಿ ತೂಬಿನ ಬಾಗಿಲಿನಂತೆ ಕೆಲಸ ಮಾಡುವ ಸ್ನಾಯುವಿದೆ. ಅನ್ನ ಬಂದಾಗ ಅದು ತೆರೆಯಬೇಕು, ಉಳಿದ ಸಮಯದಲ್ಲಿ ಮುಚ್ಚಿರಬೇಕು. ಕೆರೆಯ ತೂಬನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೂಬು ಸಡಿಲವಾದರೆ ಒಂದು ರೋಗ, ತೆರೆಯದಿದ್ದರೆ ಇನ್ನೊಂದು ರೋಗ.

ಚರಕಾಚಾರ್ಯರು ಅನ್ನವಹ ಸ್ರೋತಸ್ಸಿಗೆ ಆಮಾಶಯವನ್ನೂ ವಾಮಪಾರ್ಶ್ವವನ್ನೂ ಮೂಲವೆಂದಿದ್ದಾರೆ. ಸುಶ್ರುತಾಚಾರ್ಯರು ಛೇದನ, ಭೇದನ, ಸೀವನವೇ ಮೊದಲಾದ ಎಂಟು ಶಸ್ತ್ರಕರ್ಮಗಳನ್ನು ಹೇಳಿ, ಶರೀರದ ಮಾರ್ಗಗಳೊಳಗೆ ನೋಡಲು ನಾಡೀಯಂತ್ರಗಳನ್ನು ವರ್ಣಿಸಿದ್ದಾರೆ. ಇಂದಿನ ಎಂಡೋಸ್ಕೋಪಿ ಅಂದೇ ಇತ್ತೆಂದು ಹೇಳುವುದು ಅತಿಶಯೋಕ್ತಿ. ಆದರೆ ಒಳಗಿನದನ್ನು ಕಣ್ಣಾರೆ ಕಂಡು ನಿರ್ಣಯಿಸಬೇಕೆಂಬ ವಿವೇಕ ನಮ್ಮ ಶಾಸ್ತ್ರಕ್ಕೆ ಹೊರತಾದುದಲ್ಲ.

ಕಿರುರಂಧ್ರ ವಿಧಾನ

ಹಿಂದೆ ಈ ಭಾಗದ ಶಸ್ತ್ರಕ್ರಿಯೆಗೆ ಹೊಟ್ಟೆಯನ್ನು ಎದೆಮೂಳೆಯ ಕೆಳಗಿನಿಂದ ಹೊಕ್ಕುಳದವರೆಗೆ ಕೊಯ್ಯಬೇಕಾಗಿತ್ತು. ಎಷ್ಟೋ ವೇಳೆ ಎದೆಯನ್ನೂ ತೆರೆಯಬೇಕಾಗಿತ್ತು. ಲ್ಯಾಪರೋಸ್ಕೋಪಿಯಲ್ಲಿ 5ರಿಂದ 12 ಮಿಲಿಮೀಟರ್ ಅಳತೆಯ ನಾಲ್ಕೈದು ರಂಧ್ರಗಳು ಸಾಕು. ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಅವಕಾಶ ಮಾಡಿಕೊಳ್ಳುತ್ತಾರೆ. ಒಂದು ರಂಧ್ರದಿಂದ ಕ್ಯಾಮೆರಾ, ಉಳಿದವುಗಳಿಂದ ನೀಳವಾದ ಉಪಕರಣಗಳು ಒಳಹೋಗುತ್ತವೆ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ಚಿತ್ರವನ್ನು ನೋಡುತ್ತ ವೈದ್ಯರು ಕೆಲಸ ಮಾಡುತ್ತಾರೆ. ಎದೆಯೊಳಗೆ ಇದೇ ರೀತಿ ಮಾಡುವುದು ಥೊರಾಕೋಸ್ಕೋಪಿ.

ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶವನ್ನು ಈ ಬಗೆಯಲ್ಲಿ ತೆಗೆದರು. ಮುಂಬಯಿಯಲ್ಲಿ ಡಾ. ತೆಹಮ್‌ಟನ್ ಉದ್ವಾಡಿಯಾ ಅವರು 1990ರಲ್ಲಿ ಅದನ್ನು ಭಾರತದಲ್ಲಿ ಮೊದಲು ಮಾಡಿದರು. ಅಲ್ಲಿಂದ ಮುಂದೆ ಈ ವಿಧಾನ ಅನ್ನನಾಳ ಮತ್ತು ಜಠರಕ್ಕೂ ವಿಸ್ತರಿಸಿತು.

ಯಾವ ರೋಗಕ್ಕೆ ಯಾವ ಕ್ರಿಯೆ?

ಮೊದಲನೆಯದು, ಸಡಿಲವಾದ ತೂಬು. ಜಠರದ ಆಮ್ಲ ಮೇಲಕ್ಕೆ ಉಕ್ಕಿ ಎದೆಯುರಿ, ಹುಳಿತೇಗು, ಮಲಗಿದಾಗ ಕೆಮ್ಮು ಬರುತ್ತವೆ. ಕೆಲವರಲ್ಲಿ ಜಠರದ ಒಂದು ಭಾಗವೇ ವಪೆಯ ರಂಧ್ರದಿಂದ ಎದೆಗೆ ಜಾರಿರುತ್ತದೆ. ಇದು ಹಯಾಟಸ್ ಹರ್ನಿಯಾ. ಹೆಚ್ಚಿನವರಿಗೆ ಪಥ್ಯ, ತೂಕ ಇಳಿಸುವುದು, ಔಷಧ ಇಷ್ಟೇ ಸಾಕು. ಇವುಗಳಿಂದ ಹತೋಟಿಗೆ ಬಾರದವರಿಗೆ ಮತ್ತು ದೊಡ್ಡ ಹರ್ನಿಯಾದಿಂದ ತೊಂದರೆಪಡುವವರಿಗೆ ಶಸ್ತ್ರಕ್ರಿಯೆಯನ್ನು ಯೋಚಿಸುತ್ತಾರೆ. ಹಿಗ್ಗಿದ ರಂಧ್ರವನ್ನು ಹೊಲಿದು, ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಶಾಲಿನಂತೆ ಸುತ್ತಿ ಹೊಲಿಯುತ್ತಾರೆ. ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದ ಈ ಕ್ರಿಯೆಯನ್ನು 1991ರಲ್ಲಿ ಬೆಲ್ಜಿಯಂನ ಡಾಲೆಮಾನ್ ಲ್ಯಾಪರೋಸ್ಕೋಪಿಯಿಂದ ಮಾಡಿದುದನ್ನು ವರದಿ ಮಾಡಿದರು.

ಎರಡನೆಯದು, ತೆರೆಯದ ತೂಬು. ಇದಕ್ಕೆ ಅಕಲೇಸಿಯಾ ಎಂದು ಹೆಸರು. ಅನ್ನನಾಳದ ಗೋಡೆಯಲ್ಲಿರುವ ನರಕೋಶಗಳು ನಶಿಸಿ ಕೆಳಗಿನ ಸ್ನಾಯು ಸಡಿಲವಾಗುವುದೇ ಇಲ್ಲ. ಅರ್ಬುದದಲ್ಲಿ ಸಾಮಾನ್ಯವಾಗಿ ಮೊದಲು ಘನಾಹಾರ, ಬಳಿಕ ದ್ರವ ನಿಲ್ಲುತ್ತದೆ. ಇಲ್ಲಿ ಆರಂಭದಿಂದಲೇ ನೀರೂ ಅನ್ನವೂ ತಡೆಯುತ್ತವೆ. ಉಂಡದ್ದು ಹುಳಿಯಾಗದೆ ಹಾಗೆಯೇ ಹಿಂದಿರುಗುತ್ತದೆ. ನನ್ನಲ್ಲಿಗೆ ಬಂದ ನಲವತ್ತರ ತಾಯಿಯೊಬ್ಬರನ್ನು ಮನೆಯವರು "ದೇವರು ಮೈಮೇಲೆ ಬರುತ್ತೆ, ಅದಕ್ಕೇ ಊಟ ಸೇರೋದಿಲ್ಲ" ಎಂದು ನಾಲ್ಕು ವರ್ಷ ಇಟ್ಟುಕೊಂಡಿದ್ದರು. ಹಿಂದಿನ ಪ್ರಸಂಗ ನೆನಪಿದ್ದುದರಿಂದ ಅವರನ್ನು ಅಂದೇ ತಪಾಸಣೆಗೆ ಕಳುಹಿಸಿದೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳದ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಂಡಿತು.

ಇದಕ್ಕೆ ಬಿಗಿದ ಸ್ನಾಯುವನ್ನು ಒಳಪೊರೆಗೆ ಗಾಯವಾಗದಂತೆ ಸೀಳುವುದೇ ಪರಿಹಾರ. ಎರ್ನ್‌ಸ್ಟ್ ಹೆಲರ್ 1913ರಲ್ಲಿ ಮಾಡಿದ ಈ ಕ್ರಿಯೆ ಇಂದು ಲ್ಯಾಪರೋಸ್ಕೋಪಿಯಿಂದ ನಡೆಯುತ್ತದೆ. ಆಮ್ಲ ಉಕ್ಕದಿರಲು ಜಠರದ ಅರೆಸುತ್ತನ್ನೂ ಸೇರಿಸುತ್ತಾರೆ. ಜಪಾನಿನ ಹರುಹಿರೋ ಇನೊವೆ ಅವರು 2008ರಲ್ಲಿ ಹೊರಗೆ ಒಂದು ರಂಧ್ರವನ್ನೂ ಮಾಡದೆ, ಬಾಯಿಯಿಂದ ಎಂಡೋಸ್ಕೋಪನ್ನು ಇಳಿಸಿ ಒಳಗಿನಿಂದಲೇ ಸ್ನಾಯುವನ್ನು ಸೀಳುವ ವಿಧಾನವನ್ನು ಆರಂಭಿಸಿದರು. ಇದರ ಹೆಸರು ಪೋಯಮ್. ಇದರಲ್ಲಿ ಎದೆಯುರಿಯ ಸಂಭವ ಸ್ವಲ್ಪ ಹೆಚ್ಚು. ಆ ತಾಯಿ ಶಸ್ತ್ರಕ್ರಿಯೆಯ ಅನಂತರ ಚೇತರಿಸಿಕೊಂಡು, ಹಬ್ಬದ ದಿನ ಪಂಕ್ತಿಯಲ್ಲಿ ಕುಳಿತು ಉಂಡೆನೆಂದು ತಿಳಿಸಲು ಬಂದಿದ್ದರು.

ಮೂರನೆಯದು, ರಂಧ್ರವಾದ ಜಠರದ ಹುಣ್ಣು. ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಾಣುವೂ, ವೈದ್ಯರನ್ನು ಕೇಳದೆ ನುಂಗುವ ನೋವಿನ ಮಾತ್ರೆಗಳೂ ಮುಖ್ಯ ಕಾರಣ. ಈ ಸೂಕ್ಷ್ಮಾಣುವನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಹುಣ್ಣು ಒಡೆದರೆ ಚೂರಿಯಿಂದ ಇರಿದಂಥ ನೋವು ಹಠಾತ್ತನೆ ಬಂದು ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಆಗ ಕಷಾಯವಾಗಲಿ, ಬಿಸಿನೀರಿನ ಶಾಖವಾಗಲಿ ಕೂಡದು. ಕೂಡಲೇ ಆಸ್ಪತ್ರೆ ಸೇರಬೇಕು. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಈ ರಂಧ್ರವನ್ನೂ ಲ್ಯಾಪರೋಸ್ಕೋಪಿಯಿಂದ ಮುಚ್ಚಬಹುದು.

ನಾಲ್ಕನೆಯದು, ಅರ್ಬುದ. ತೊಡಕಿನದೂ ದೊಡ್ಡದೂ ಆದ ಶಸ್ತ್ರಕ್ರಿಯೆ ಇದೇ. ಅನ್ನನಾಳದ ರೋಗಗ್ರಸ್ತ ಭಾಗವನ್ನು ತೆಗೆದು, ಜಠರವನ್ನು ಕೊಳವೆಯಂತೆ ರೂಪಿಸಿ ಮೇಲಕ್ಕೆಳೆದು ಜೋಡಿಸುತ್ತಾರೆ. ಅನೇಕರಿಗೆ ಮೊದಲು ಕಿಮೋಥೆರಪಿ, ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ರೋಗಿಯನ್ನು ಬೋರಲಾಗಿ ಮಲಗಿಸಿ ಎದೆಯ ಭಾಗದ ಕೆಲಸವನ್ನು ಥೊರಾಕೋಸ್ಕೋಪಿಯಿಂದ ಮಾಡಿದ ಅನುಭವವನ್ನು ಕೊಯಮತ್ತೂರಿನ ಡಾ. ಸಿ. ಪಳನಿವೇಲು ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಅದು ಜಗತ್ತಿನ ಗಮನ ಸೆಳೆಯಿತು. 2012ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಎದೆಯನ್ನು ತೆರೆದು ಮಾಡಿದವರಲ್ಲಿ ಮೊದಲ ಎರಡು ವಾರಗಳಲ್ಲಿ ಶೇ. 29 ಮಂದಿಗೆ ಶ್ವಾಸಕೋಶದ ಸೋಂಕು ಬಂದರೆ, ಕಿರುರಂಧ್ರ ವಿಧಾನದಲ್ಲಿ ಅದು ಶೇ. 9 ಮಾತ್ರ. ಜೋಡಣೆಯ ಸ್ಥಳ ಸೋರುವ ಅಪಾಯ ಎರಡು ವಿಧಾನಗಳಲ್ಲಿಯೂ ಉಂಟು. ಆದುದರಿಂದ ಇಂಥ ಕ್ರಿಯೆಯನ್ನು ಮೇಲಿಂದ ಮೇಲೆ ಮಾಡಿ ನುರಿತ ಕೇಂದ್ರದಲ್ಲಿಯೇ ಮಾಡಿಸಬೇಕು.

ಲಾಭ ಮತ್ತು ಮಿತಿ

ನೋವು ಕಡಿಮೆ, ಗಾಯದ ಸೋಂಕು ಕಡಿಮೆ, ಬೇಗ ಎದ್ದು ಓಡಾಡಬಹುದು, ಮುಂದೆ ಗಾಯದಲ್ಲಿ ಹರ್ನಿಯಾ ಬರುವ ಸಂಭವವೂ ಕಡಿಮೆ. ಆದರೆ ರಂಧ್ರ ಚಿಕ್ಕದೆಂದ ಮಾತ್ರಕ್ಕೆ ಶಸ್ತ್ರಕ್ರಿಯೆ ಚಿಕ್ಕದಲ್ಲ. ಒಳಗೆ ನಡೆಯುವ ಕೆಲಸ ಅಷ್ಟೇ ದೊಡ್ಡದು. ರಕ್ತಸ್ರಾವವಾದರೆ ಅಥವಾ ಅಂಗಗಳು ಅಂಟಿಕೊಂಡಿದ್ದರೆ ವೈದ್ಯರು ನಡುವೆಯೇ ಹೊಟ್ಟೆಯನ್ನು ತೆರೆಯಬೇಕಾಗಬಹುದು. ಅದು ಸೋಲಲ್ಲ, ರೋಗಿಯ ಪ್ರಾಣರಕ್ಷಣೆಗಾಗಿ ಕೈಗೊಂಡ ವಿವೇಕದ ನಿರ್ಧಾರ.

ಕ್ರಿಯೆಯ ಅನಂತರ ಒಂದೆರಡು ದಿನ ಭುಜ ನೋಯುವುದುಂಟು. ತುಂಬಿದ ಅನಿಲದಿಂದ ವಪೆ ಕೆರಳುವುದೇ ಇದಕ್ಕೆ ಕಾರಣ. ಜಠರವನ್ನು ಸುತ್ತಿ ಹೊಲಿದವರು ಮೊದಲು ದ್ರವ, ಬಳಿಕ ಕೆಲವು ವಾರ ಮೆದು ಆಹಾರ ತೆಗೆದುಕೊಳ್ಳಬೇಕು. ಸೋಡಾ ವರ್ಜ್ಯ. ಮುದ್ದೆಯನ್ನು ವೈದ್ಯರು ಒಪ್ಪಿದ ಮೇಲೆಯೇ, ಸಣ್ಣ ಸಣ್ಣ ತುತ್ತುಗಳಲ್ಲಿ ಆರಂಭಿಸಬೇಕು. ಹೊಟ್ಟೆಯುಬ್ಬರ, ತೇಗು ಬಾರದಿರುವುದು ಕೆಲವರಲ್ಲಿ ಕಾಣುತ್ತದೆ.

ಆಯುರ್ವೇದದ ಪಾತ್ರ

ಮಿತಾಹಾರ, ಕಾಲಭೋಜನ, ರಾತ್ರಿ ಉಂಡೊಡನೆ ಮಲಗದಿರುವುದು, ಶತಾವರಿ, ಯಷ್ಟಿಮಧುವಿನಂಥ ಔಷಧಗಳು ಸಾಮಾನ್ಯ ಅಮ್ಲಪಿತ್ತದಲ್ಲಿ ಉಪಕಾರಿ. ಕಿರಿದಾದ ನಾಳವನ್ನು ಯಾವ ಚೂರ್ಣವೂ ಅಗಲ ಮಾಡದು, ಅರ್ಬುದವನ್ನು ಯಾವ ಲೇಹ್ಯವೂ ಕರಗಿಸದು. ಹೀಗೆ ಹೇಳುವುದರಿಂದ ನಮ್ಮ ಶಾಸ್ತ್ರಕ್ಕೆ ಕುಂದಿಲ್ಲ. ಸಾಧ್ಯಾಸಾಧ್ಯ ವಿವೇಚನೆಯೇ ವೈದ್ಯನ ಮೊದಲ ಕರ್ತವ್ಯವೆಂಬುದು ಅದೇ ಶಾಸ್ತ್ರದ ಬೋಧೆ. ಶಸ್ತ್ರಕ್ರಿಯೆಗೆ ಹೋಗುವವರು ಸೇವಿಸುತ್ತಿರುವ ಆಯುರ್ವೇದ ಔಷಧಗಳನ್ನೂ ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ನಮ್ಮ ತರೀಕೆರೆ, ಅಜ್ಜಂಪುರ ಸೀಮೆ ಅಡಿಕೆಯ ಸೀಮೆ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವುದು, ಬೀಡಿ, ಮದ್ಯ ಇವು ಅನ್ನನಾಳದ ಅರ್ಬುದಕ್ಕೆ ದಾರಿ. ಬೆಳೆಯುವವರಿಗೆ ಕೇಳಲು ಕಹಿಯಾದರೂ, ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅರ್ಬುದಕಾರಕವೆಂದು ಪರಿಗಣಿಸಿದೆ.

ಓದುಗರು ಈ ಲಕ್ಷಣಗಳನ್ನು ನೆನಪಿಡಬೇಕು: ನುಂಗಲು ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ನಿಲ್ಲದ ವಾಂತಿ, ರಕ್ತಹೀನತೆ, ಐವತ್ತರ ಅನಂತರ ಹೊಸದಾಗಿ ಆರಂಭವಾದ ಅಜೀರ್ಣ. ಇವುಗಳಲ್ಲಿ ಒಂದು ಕಂಡರೂ ಎಂಡೋಸ್ಕೋಪಿ ಮಾಡಿಸಿರಿ. ಶಿವಮೊಗ್ಗ, ದಾವಣಗೆರೆಗಳಲ್ಲಿ ಅದು ಲಭ್ಯ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆ ಆವರಣದ ಜಠರಕರುಳು ವಿಜ್ಞಾನ ಸಂಸ್ಥೆಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಜೊತೆಗೊಯ್ಯಿರಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಬಗ್ಗೆ ಮೊದಲೇ ವಿಚಾರಿಸಿರಿ.

ಇಂದು ರಾತ್ರಿ ಮನೆಯ ಹಿರಿಯರೊಡನೆ ಊಟಕ್ಕೆ ಕುಳಿತಾಗ ಅವರ ತಟ್ಟೆಯನ್ನೊಮ್ಮೆ ಗಮನಿಸಿರಿ. ಮುದ್ದೆ ಏಕೆ ಬೇಡವಾಯಿತೆಂದು ಪ್ರೀತಿಯಿಂದ ಕೇಳಿರಿ. ನಾನು ಎರಡು ತಿಂಗಳು ತಡವಾಗಿ ಕೇಳಿದ ಪ್ರಶ್ನೆ ಅದು, ನೀವು ತಡಮಾಡದಿರಿ.